ಟಾಕೀಸಿನ ಕುರ್ಚಿಯ ಸಿಂಹಾಸನ

9 ಫೆಬ್ರುವರಿ 2025, ಕುರ್ಡಿ

ನಾನು ಛಪ್ಪನ್ನಾರು ದೇಶಗಳನ್ನು ಆಳಿದ ರಾಜ. ಒಂದನ್ನೂ ಕಳೆದುಕೊಂಡವನಲ್ಲ. ಇಂಥವನು ದಿನಚರಿ ಬರೆಯದೆ ಹೋದರೆ ನಾಡಿಗೇ ನಷ್ಟವೆಂದು, ಮಾನ್ವಿಯ ಬೀಜದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿಯಲ್ಲಿ ಇಂದು ಶುರು ಮಾಡಿದ್ದೇನೆ. ಕಲಿತದ್ದು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ. ಆದರೆ ಮಾಸ್ತರರಿಗೆ ಅನುಮಾನ ಬಂದರೆ ನನ್ನನ್ನೇ ಕೇಳುತ್ತಿದ್ದರು.

ಸುತ್ತಲಿನ ಊರುಗಳಲ್ಲಿ ಎಲ್ಲಿ ನಾಟಕವಾದರೂ ರಾಜನ ಪಾತ್ರ ಈ ಗದ್ದೆಪ್ಪನಿಗೇ. ರಣರಂಗದಲ್ಲಿ ಸತ್ತಿದ್ದೇನೆ, ವಿಷ ಕುಡಿದು ಸತ್ತಿದ್ದೇನೆ, ಚೀಕಲಪರ್ವಿಯಲ್ಲಿ ಮಂದಿ ‘ಒನ್ಸ್ ಮೋರ್’ ಎಂದು ಕೂಗಿದ್ದಕ್ಕೆ ಎದ್ದು ಮತ್ತೊಮ್ಮೆ ಸತ್ತಿದ್ದೇನೆ.

ಇವತ್ತು ನನ್ನ ಅಕ್ಕನ ಮಗಳು ನಾಗವೇಣಿ ಬಂದಿದ್ದಳು. ದೇವದುರ್ಗದಲ್ಲಿ ಅಂಗನವಾಡಿ ನಡೆಸುತ್ತಾಳೆ, ಕೆಂಪು ಬಾವುಟದ ಸಂಘದಲ್ಲಿ ಮುಂದಾಳು. ಮೇ ಒಂದರಂದು, ಕಾರ್ಮಿಕರ ದಿನಕ್ಕೆ, ದೇವದುರ್ಗದಲ್ಲಿ ನಾಟಕ ಆಡುತ್ತಾರಂತೆ. ಅದಕ್ಕೂ ಮೊದಲು ನಮ್ಮೂರಲ್ಲಿ ಒಂದು ಆಟ. ತಾನೇ ಬರೆದಿದ್ದಾಳೆ. ರಾಜ ನಾನೇ.

“ಕತಿ ಏನವಾ?” ಎಂದೆ.

“ಗುಡ್ಡದ ಸೀಮಿ ರಾಜ, ಮಾಮಾ. ಮಂದಿ ಉಪಾಸ ಇದ್ರೂ ತೆರಿಗಿ ಏರಿಸಿಕೋತ ಕುಂತಿರ್ತಾನ. ಮದ್ಲು ತೆರಿಗಿ ಎತ್ತಾಕ ಹೋದವ್ರು ತಿರುಗಿ ಬರೂದಿಲ್ಲ. ಆಮ್ಯಾಲೆ ಕಾವಲವ್ರು ಹೋಗ್ತಾರ. ಕಡೀಕ ಅಡಿಗಿಯವ್ನೂ ಹೋಗ್ತಾನ. ರಾಜ ಗಂಟಿ ಬಾರಿಸಿದ್ರ ಯಾರೂ ಬರೂದಿಲ್ಲ. ಆಗ ಕೂಲಿ ಮಂದಿ ಕೆಂಪು ಬಾವುಟ ಹಿಡಕೊಂಡು ಅರಮನಿ ಒಳಗ ಬರ್ತಾರ.”

“ಆಗ ಯುದ್ಧ.”

“ಇಲ್ಲ.”

“ಒಂದು ಬಾಣನಾದ್ರೂ?”

“ಇಲ್ಲ ಮಾಮಾ. ರಾಜ ಎದ್ದು ನಿಂತು, ಕಿರೀಟ ತಗದು ಅವ್ರ ಕೈಯಾಗ ಕೊಟ್ಟು, ನಡಕೋತ ಹೋಗ್ತಾನ.”

“ಎಲ್ಲಿಗಿ?”

“ಮನಿಗಿ.”

“ಅರಮನಿ ಬಿಟ್ರ ರಾಜಗ ಇನ್ಯಾವ ಮನಿ? ವಿಷಾನಾದ್ರೂ ಕುಡಿಲೇನು?”

“ನೇಪಾಳದಾಗ ಹಿಂಗ ಆತು. ಅದಕ್ಕೂ ಮದ್ಲು ಹತ್ತು ವರ್ಷ ಬಂದೂಕಿನ ಜಗಳ ನಡದಿತ್ತು ಖರೆ. ಆದ್ರ ಕಡೀ ದಿನ ರಾಜ ಕಿರೀಟ ಸರ್ಕಾರಕ್ಕ ಒಪ್ಪಿಸಿ ಕಾರಿನಾಗ ಕುಂತು ಹೋದ. ಕೆಂಪು ಬಾವುಟದವ್ರು ಸರ್ಕಾರ ಮಾಡಿದ್ರು.”

ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಯಮನಮ್ಮ ಅಲ್ಲಿಂದಲೇ ಕೇಳಿದಳು, “ರಾಜ ಹೋದ ಮ್ಯಾಲೆ ಅರಮನಿ ಕಸ ಯಾರು ಹೊಡಿತಾರ?”

“ಎಲ್ಲಾರೂ, ಅತ್ತಿ.”

“ಹಂಗಾದ್ರ ನಿಮ್ಮ ಮಾಮಗ ಈಗಿಂದನ ಕಲಿಸು.”

ಹೆಂಗಸರ ಮಾತು. ಬರೆದು ಹಾಳೆ ಕೆಡಿಸುವುದಿಲ್ಲ.

16 ಫೆಬ್ರುವರಿ, ಮಾನ್ವಿ

ಆಟಕ್ಕೆ ಕಿರೀಟ ಬೇಕೆಂದು ಹೇಳಿ ಬರಲು ಅಲ್ಲಾಉದ್ದೀನನ ಅಂಗಡಿಗೆ ಹೋಗಿದ್ದೆ. ಮಾನ್ವಿ ಬಸ್ ನಿಲ್ದಾಣದ ಹಿಂದೆ ನಾಟಕದ ಡ್ರೆಸ್ಸು, ಪರದೆ ಬಾಡಿಗೆಗೆ ಕೊಡುವ ಅಂಗಡಿ ಅದು. ಅರಮನೆ, ಕಾಡು, ಬೀದಿ, ಜೈಲು, ನಾಲ್ಕೂ ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿರುತ್ತವೆ. ನನ್ನ ಕಿರೀಟ ಬೇರೆ ಮೊಳೆಗೆ. ಅದನ್ನು ಅವನು ಇನ್ನೊಬ್ಬ ರಾಜನಿಗೆ ಕೊಟ್ಟವನಲ್ಲ. ರಟ್ಟು, ಬೇಗಡೆ, ಗಾಜಿನ ಹರಳು. ನನ್ನ ಬೆವರು ಹೀರಲೆಂದು ಒಳಗೆ ತನ್ನ ಹಳೆಯ ಬನಿಯನ್ನಿನ ಬಟ್ಟೆ ಹೊಲಿದಿದ್ದಾನೆ.

ಸಿಂಹಾಸನ ಮುಚ್ಚಿಹೋದ ಟಾಕೀಸೊಂದರ ಕುರ್ಚಿ. ಎರಡು ಕೈಗಳಿಗೆ ಕಟ್ಟಿಗೆಯ ಸಿಂಹದ ಮುಖ ಬಡಿದಿದ್ದಾನೆ. ಅದರದ್ದೊಂದು ಕೆಟ್ಟ ಚಾಳಿ. ಕುಳಿತವನು ಎದ್ದ ಕೂಡಲೇ ಸೀಟು ಹಿಂದಕ್ಕೆ ಮಡಚಿಕೊಂಡು ಟಪ್ ಎನ್ನುತ್ತದೆ. ಹಳೆಯ ನಾಟಕಗಳಲ್ಲಿ ರಾಜ ಎದ್ದನೆಂದರೆ ತಬಲಾ, ಹಾರ್ಮೋನಿಯಂ ಒಟ್ಟಿಗೇ ಏಳುತ್ತಿದ್ದವು, ಯಾರಿಗೂ ಕೇಳಿಸುತ್ತಿರಲಿಲ್ಲ.

ಆಟ ಮುಗಿದ ಮೇಲೆ ಬಲಗಡೆಯ ಪರದೆಯ ಮರೆಯಲ್ಲಿ ಅಲ್ಲಾಉದ್ದೀನ್ ಎರಡೂ ಕೈ ಚಾಚಿ ನಿಂತಿರುತ್ತಾನೆ. “ರಾಜಾಸಾಬ್, ಸಾಮಾನು ಒಪ್ಪಿಸ್ರಿ” ಎನ್ನುತ್ತಾನೆ. ನಾನು ತಲೆ ಬಗ್ಗಿಸುತ್ತೇನೆ, ಅವನು ಕಿರೀಟ ತೆಗೆದುಕೊಳ್ಳುತ್ತಾನೆ. ಮೂವತ್ತು ವರ್ಷದಿಂದ ಹೀಗೆಯೇ. ಯಾರಿಗೂ ಬಗ್ಗದ ನಾನು ಅವನಿಗೆ ಬಗ್ಗುವುದು ಅವನು ಕುಳ್ಳ ಎಂಬ ಒಂದೇ ಕಾರಣಕ್ಕೆ.

ಮುಖ ಬಾತಿತ್ತು. ಎರಡೂ ಕಿಡ್ನಿ ಕೆಲಸ ಬಿಟ್ಟಿವೆಯಂತೆ. ವಾರಕ್ಕೆ ಎರಡು ಸಲ ರಾಯಚೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾನೆ. ಮಗಳು ಹುಮೇರಾ ಕರೆದೊಯ್ಯುತ್ತಾಳೆ. ಅಂಗಡಿಯ ಮುಂಭಾಗದಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಬ್ಲೌಸು ಹೊಲಿಯುವವಳು ಅವಳೇ.

ಕಥೆ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ.

“ಇಷ್ಟು ವರ್ಷ ರಾಜರಿಗೆ ಬಟ್ಟಿ ಉಡಿಸೀನಿ ಲೇ ಗದ್ದೆಪ್ಪಾ. ಎಲ್ಲಾರೂ ಸಾಯಾಕ ಹೋಗ್ಯಾರ. ಒಬ್ಬನೂ ನಡಕೋತ ಮನಿಗಿ ಹೋಗಿದ್ದು ನೋಡಿಲ್ಲ. ಇದನ್ನ ನೋಡಬೇಕು. ನೋಡೇ ಹೋಗ್ತೀನಿ.”

“ನೀ ಎಲ್ಲಿಗಿ ಹೋಗ್ತಿ?”

ಅವನು ಕಿರೀಟದ ಬಿದ್ದುಹೋದ ಹರಳಿಗೆ ಅಂಟು ಹಚ್ಚತೊಡಗಿದ.

6 ಮಾರ್ಚ್, ರಾಯಚೂರು

ರಂಜಾನ್ ಶುರುವಾಗಿದೆ. ರೋಜಾ ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅಲ್ಲಾಉದ್ದೀನ್ ಆಸ್ಪತ್ರೆಯ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹುಮೇರಾಳಿಗೆ ಹೊಲಿಗೆಯ ಕೆಲಸ ಬಹಳವಿತ್ತು, ಹೀಗಾಗಿ ಜೊತೆಗೆ ನಾನು ಬಂದಿದ್ದೆ. “ನಿನ್ನ ರೋಜಾ ಇವತ್ತು ನಾ ಮಾಡೀನಿ, ನೀರು ಸುದ್ದಾ ಮುಟ್ಟಿಲ್ಲ” ಎಂದೆ.

ಅವನು ಹೊರಳಿ ನನ್ನ ಮುಖ ನೋಡಿದ. “ಮೀಸಿಗಿ ಕಡ್ಲಿಹಿಟ್ಟು ಹತ್ಯಾದ.”

ಬಸ್ ನಿಲ್ದಾಣದ ಮಿರ್ಚಿ ಬಜಿ ಕೈಕೊಟ್ಟಿತು. ಆದರೆ ನಕ್ಕ. ಯಂತ್ರ ನೋಡಿಕೊಳ್ಳುವ ಸಿಸ್ಟರು ಬಂದು ಇಬ್ಬರನ್ನೂ ಗದರಿಸುವ ತನಕ ನಕ್ಕ.

ರಾಯಚೂರಿನ ಬಿಸಿಲು ಈಗಲೇ ತಲೆ ಒಡೆಯುತ್ತಿದೆ.

23 ಮಾರ್ಚ್, ಕುರ್ಡಿ

ಇಂಥ ಆಟ ಕುರ್ಡಿ ಕಂಡಿಲ್ಲ, ಕಾಣುವುದೂ ಇಲ್ಲ. ಹತ್ತು ಸಾವಿರ ಮಂದಿ. ಮರದ ಮೇಲೆ, ಮಾಳಿಗೆಯ ಮೇಲೆ ಮಂದಿ. ಅಲ್ಲಾಉದ್ದೀನನೂ ಮಗಳೊಂದಿಗೆ ಆಟೋದಲ್ಲಿ ಬಂದು ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ.

ರಾಜನ ಕೊನೆಯ ದೃಶ್ಯ. ಕಾವಲುಗಾರರು ಹೋದರು, ಅಡುಗೆಯವನು ಹೋದ, ನಾನು ಗಂಟೆ ಬಾರಿಸಿದೆ, ಯಾರೂ ಬರಲಿಲ್ಲ. ಕೂಲಿ ಮಂದಿ ಕೆಂಪು ಬಾವುಟ ಹಿಡಿದು ಬಂದು ನಿಂತರು. ಮುಂದೆ ನಿಂತವಳು ಕರೆಮ್ಮ, ನಾಗವೇಣಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ಇನ್ನೇನು ಏಳಬೇಕು, ಅಷ್ಟರಲ್ಲಿ ಮಟಮಾರಿಯ ನನ್ನ ಬೀಗರು ಸ್ಟೇಜ್ ಹತ್ತಿ ಬಂದರು. ನಮ್ಮ ಕಡೆ ಇದು ಪದ್ಧತಿ. ಪಾತ್ರಧಾರಿಗೆ ಬಳಗದವರು ಆಟದ ನಡುವೆಯೇ ಬಂದು ಹಾರ ಹಾಕಿ, ಟವೆಲ್ ಹೊದಿಸಿ, ಎದೆಗೆ ನೋಟು ಚುಚ್ಚಿ ಆಯೇರಿ ಮಾಡಬೇಕು, ಮೈಕಿನಲ್ಲಿ ಹೆಸರು ಕೂಗಿಸಬೇಕು. ಒಬ್ಬರು ಬಂದ ಮೇಲೆ ಉಳಿದವರು ಬಿಡುತ್ತಾರೆಯೇ? ಕುತ್ತಿಗೆಯ ತನಕ ಹಾರ ಬಿತ್ತು.

ಕುತ್ತಿಗೆಯ ತನಕ ಹಾರ ಬಿದ್ದ ರಾಜ ಇಳಿದು ಹೋಗುವುದು ಹೇಗೆ? ಮಂದಿ ಶಿಳ್ಳೆ ಹೊಡೆಯುತ್ತಿದ್ದರು. ಕರೆಮ್ಮ ಮೆಲ್ಲಗೆ “ಇಳೀರಿ ಯಪ್ಪಾ” ಎಂದಳು. ನಾನು ಖಡ್ಗ ಹಿರಿದು ಹಳೆಯ ನಾಟಕದ ಮಾತು ಎತ್ತಿದೆ. “ಯಾರಲ್ಲಿ, ಈ ದ್ರೋಹಿಗಳನ್ನು ಸೆರೆಮನೆಗೆ ತಳ್ಳಿರಿ” ಎಂದು ಗರ್ಜಿಸಿದೆ. ಆಗಲೇ ಕೆಲಸ ಬಿಟ್ಟು ಹೋಗಿದ್ದ ಕಾವಲುಗಾರರು ಕುಡಿಯುತ್ತಿದ್ದ ಚಹಾ ಇಟ್ಟು, ರೂಢಿಯ ಮೇಲೆ ಓಡಿ ಬಂದು ಕರೆಮ್ಮನನ್ನೂ ಬಾವುಟವನ್ನೂ ಹಿಡಿದುಕೊಂಡು ಹೋದರು. ಮಂದಿ ಎದ್ದು ಕುಣಿದರು. ನಾಗವೇಣಿ ತಾನೇ ಹಗ್ಗ ಬಿಚ್ಚಿ ಪರದೆ ಬಿಟ್ಟಳು.

ಗುಡ್ಡದ ಸೀಮೆ ಉಳಿಯಿತು. ಈಗ ಐವತ್ತೇಳು ದೇಶ.

24 ಮಾರ್ಚ್

ಪರದೆ ಬಿದ್ದ ಮೇಲೆ ಬಲಗಡೆ ಹೋದೆ. ಅಲ್ಲಾಉದ್ದೀನ್ ಇರಲಿಲ್ಲ. ಗದ್ದಲದಲ್ಲಿ ಕಾಣಲಿಲ್ಲವೇನೋ. ಫೋನ್ ಮಾಡಿದೆ, ಎತ್ತಲಿಲ್ಲ. ಕಿರೀಟ ನಮ್ಮ ಮನೆಯಲ್ಲಿಯೇ ಉಳಿದಿದೆ, ಜೋಳದ ಚೀಲದ ಮೇಲೆ. ಹಿಂದೆಂದೂ ಉಳಿದಿರಲಿಲ್ಲ.

27 ಮಾರ್ಚ್, ರಾಯಚೂರು

ಆಸ್ಪತ್ರೆಗೆ ಹೋದೆ. ಹುಮೇರಾ ಬಾಗಿಲಲ್ಲಿಯೇ ಸಿಕ್ಕಳು.

“ಚಾಚಾ, ಆವತ್ತು ಅಬ್ಬಾ ಡಾಕ್ಟರ್ ಜೋಡಿ ಜಗಳ ಆಡಿ ಬಂದಿದ್ರು. ಆಟೋದಾಗ ಹಾದಿ ತುಂಬ ಕೂತ್ಗೊಳಾಕ ಆಗಲಿಲ್ಲ. ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಬಂದ್ರು. ನೀವು ಖಡ್ಗ ತಗದ್ರಲ್ಲ, ಆಗ ‘ನಡಿಯವಾ ಹೋಗಾಮು’ ಅಂದ್ರು.”

ಒಳಗೆ ಅವನ ತೋಳಿನಿಂದ ರಕ್ತ ನಳಿಗೆಯಲ್ಲಿ ಹೊರಗೆ ಹೋಗಿ, ಯಂತ್ರದಲ್ಲಿ ತಿರುಗಿ, ಒಳಗೆ ಬರುತ್ತಿತ್ತು. ನಾನು ಆಟದ ಸುದ್ದಿ ಎತ್ತಿದೆ. ಮಂದಿ ಎಷ್ಟಿದ್ದರು, ಶಿಳ್ಳೆ ಹೇಗಿತ್ತು ಎಂದೆಲ್ಲ ಹೇಳಿದೆ.

“ಲೇ ಗದ್ದೆಪ್ಪಾ,” ಎಂದ, ಕಣ್ಣು ಮುಚ್ಚಿಕೊಂಡೇ. “ಕುಂತೇ ಇದ್ಬಿಟ್ಟೆಲ್ಲೋ.”

ಅಷ್ಟೇ ಅಂದದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. 

28 ಮಾರ್ಚ್

ಹತ್ತು ಸಾವಿರ ಮಂದಿ ಇರಲಿಲ್ಲ. ನಮ್ಮೂರೇ ಅಷ್ಟಿಲ್ಲ.

31 ಮಾರ್ಚ್, ಮಾನ್ವಿ

ರಂಜಾನ್ ಹಬ್ಬ. ಅಲ್ಲಾಉದ್ದೀನನ ಮನೆಯಲ್ಲಿ ಹಾಲು ಶಾವಿಗೆಯ ಸುರಕುಂಬಾ. ಅವನಿಗೆ ಒಂದೇ ಚಮಚ, ನೀರಿನ ಅಂಶ ಕೂಡದಂತೆ. ತನ್ನ ಬಟ್ಟಲನ್ನು ನನ್ನ ಕಡೆ ಸರಿಸಿ ನಾನು ಕುಡಿಯುವುದನ್ನೇ ನೋಡುತ್ತಿದ್ದ. ಯಾವಾಗಲೂ ಮೂರು ಬಟ್ಟಲು ಕುಡಿಯುತ್ತೇನೆ. ಇಂದು ಅರ್ಧಕ್ಕೇ ಬಟ್ಟಲು ಕೆಳಗಿಟ್ಟೆ, ಶಾವಿಗೆ ಉದ್ದವಿತ್ತು.

ನಾಗವೇಣಿ ಫೋನ್ ಮಾಡಿದ್ದಳು. “ದೇವದುರ್ಗದಾಗ ರಾಜನ ಪಾರ್ಟು ಬ್ಯಾರೆಯವ್ರಿಗೆ ಕೊಡ್ತೀನಿ ಮಾಮಾ. ನೀವು ಐವತ್ತೇಳು ದೇಶ ಇಟಗೊಂಡು ಮನ್ಯಾಗ ಇರ್ರಿ.”

“ಅಲ್ಲಾಉದ್ದೀನ್ ನೋಡಬೇಕಂತಾನವಾ,” ಎಂದೆ.

“ಹಂಗಾದ್ರ ತಾಲೀಮಿಗೆ ತಪ್ಪಬ್ಯಾಡ್ರಿ” ಎಂದಳು.

8 ಏಪ್ರಿಲ್, ರಾಯಚೂರು

ಬೆಳಿಗ್ಗೆ ಅಂಗಳದ ಕಸ ಹೊಡೆದು ಮೊದಲ ಬಸ್ಸು ಹಿಡಿದೆ. ಅಲ್ಲಾಉದ್ದೀನನಿಗೆ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಬೇಕಾಗಿದೆ. ಅವನಿಗೆ ನಡೆಯಲು ಆಗುವುದಿಲ್ಲ, ಆಟೋದಿಂದ ಇಳಿಸಿ ನಾನೇ ಎತ್ತಿಕೊಂಡು ಹೋಗುತ್ತೇನೆ. ಕಿರೀಟದಷ್ಟು ಹಗುರಾಗಿದ್ದಾನೆ. ಒಳಗೆ ರಟ್ಟು, ಮೇಲೆ ಬೇಗಡೆ.

ಇಂದು ಮಾತಾಡುವ ಹುರುಪಿತ್ತು.

“ಇಳಿಯೋದು ಕಲ್ತೇನು?”

“ಕಲ್ತೀನಿ. ಆದ್ರ ನಿನ್ನ ಕುರ್ಚಿ ಟಪ್ ಅಂತೈತಲ್ಲ. ಆಗ ತಬಲಾ ಇರೂದಿಲ್ಲ, ಏನೂ ಇರೂದಿಲ್ಲ. ಮಂದಿ ನಗ್ತಾರ. ಹಿಂದ ಕೈ ಹಾಕಿ ಸೀಟು ಹಿಡಕೊಂಡು ಮೆಲ್ಲಕ ಬಿಡ್ಲೇನು?”

“ಹಿಡೀಬ್ಯಾಡ. ಸಪ್ಪಳ ಆಗಲಿ. ಕುರ್ಚಿ ಖಾಲಿ ಆತಂತ ಮಂದಿಗಿ ಗೊತ್ತಾಗಬೇಕಲ್ಲ. ನೀ ಹಿಂದ ಹೊಳ್ಳಿ ನೋಡಬ್ಯಾಡ, ಅಷ್ಟ. ನೋಡಿದ್ರ ಮತ್ತ ಕುಂದರ್ತಿ. ನಿನ್ನ ಕುಂಡಿ ನನಗ ಗೊತ್ತದ.”

ಪಕ್ಕದ ಮಂಚದವರೂ ನಕ್ಕರು. ಮೂಲೆಯಲ್ಲಿ ಸ್ಟೂಲು ಇತ್ತು. ಈಗಲೇ ಮಾಡಿ ತೋರಿಸುತ್ತೇನೆ, ನೋಡಿಬಿಡು ಎಂದೆ. ಎಳೆದು ಕುಳಿತೂ ಬಿಟ್ಟೆ.

“ಏಳು ಲೇ. ಆಸ್ಪತ್ರಿ ಸ್ಟೂಲಿನ ಮ್ಯಾಲೆ ಎಂಥಾ ರಾಜ. ಟಪ್ ಅನ್ನಬೇಕು. ಒಂದನೇ ತಾರೀಖಿಗಿ ಬರ್ತೀನಿ. ಪರದಿ ಮೂಲ್ಯಾಗ ನಿಂದ್ರಾಕ ಆಗೂದಿಲ್ಲ, ಒಂದು ಕುರ್ಚಿ ಹಾಕಸು. ಕಿರೀಟ ನಾನೇ ಇಸಗೋತೀನಿ.”

“ನಾಟಕದಾಗ ಕಿರೀಟ ಕರೆಮ್ಮಗ ಕೊಡಬೇಕು.”

“ಕೊಡು. ಅಕಿ ಕಡಿಂದ ನಾ ಇಸಗೋತೀನಿ. ಬಾಡಿಗಿ ಸಾಮಾನಲ್ಲೇನು ಅದು.”

13 ಏಪ್ರಿಲ್, ದೇವದುರ್ಗ

ತಾಲೀಮು. ಎದ್ದೆ, ಕೊಟ್ಟೆ, ಹೋದೆ. ನಾಗವೇಣಿ ಸರಿಯಾಯಿತೆಂದಳು. ಸರಿಯಾಗಿಲ್ಲ. ಸಾಯುವುದಾದರೆ ನನಗೆ ಹತ್ತು ಬಗೆ ಬರುತ್ತದೆ. ಎದ್ದು ಹೋಗುವವನ ಕೈಗಳು ಎಲ್ಲಿರಬೇಕು? ಸುಮ್ಮನೆ ಜೋತಾಡುತ್ತವೆ.

ರಾಜ ಹೋದ ಮೇಲೆ ಒಂದು ದೃಶ್ಯವಿದೆ, ಇಂದು ಮೊದಲ ಸಲ ಕುಳಿತು ನೋಡಿದೆ. ಬಾವುಟದವರು ಸಿಂಹಾಸನದ ಸುತ್ತ ನಿಲ್ಲುತ್ತಾರೆ. ಯಾರು ಕೂರಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬ ಕೂರಲು ಹೋಗುತ್ತಾನೆ, ಉಳಿದವರು ಅವನನ್ನೇ ನೋಡುತ್ತಾರೆ, ಅವನು ಎದ್ದುಬಿಡುತ್ತಾನೆ. ಕೊನೆಗೆ ಕರೆಮ್ಮ ಕುರ್ಚಿಯನ್ನು ಗೋಡೆಗೆ ಸರಿಸಿ, ಜಾಗ ಗುಡಿಸಿ, ಎಲ್ಲರನ್ನೂ ಸುತ್ತ ಕೂರಿಸಿ ಅಂಬಲಿ ಹಂಚುತ್ತಾಳೆ. ಮುಂದೆ ಅವರು ಜಗಳವಾಡಿದರೋ, ಚೆನ್ನಾಗಿ ಬಾಳಿದರೋ ನಾಟಕದಲ್ಲಿಲ್ಲ. ಕೇಳಿದರೆ ನಾಗವೇಣಿ, “ಗೊತ್ತಿದ್ರ ಬರೀತಿದ್ದೆ ಮಾಮಾ” ಎಂದಳು.

19 ಏಪ್ರಿಲ್

ಅಲ್ಲಾಉದ್ದೀನ್ ಹೋದ.

20 ಏಪ್ರಿಲ್, ಕುರ್ಡಿ

ನಿನ್ನೆ ಬೆಳಗಿನ ಜಾವ, ಮನೆಯಲ್ಲೇ. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿದರು.

ಜನಾಜಾ ಹೊರುವಾಗ ಒಬ್ಬರೇ ಬಹಳ ಹೊತ್ತು ಹೆಗಲು ಕೊಡುವುದಿಲ್ಲ. ನಾಲ್ಕು ಹೆಜ್ಜೆ ಹೊತ್ತು ಮುಂದಿನವರಿಗೆ ಬಿಡಬೇಕು. ಬಟ್ಟೆ ಅಂಗಡಿಯ ಸಾಹುಕಾರ, ಗಾಡಿಯಲ್ಲಿ ಹಣ್ಣು ಮಾರುವವನು, ಹಮಾಲ, ಎಲ್ಲರಿಗೂ ಅಷ್ಟೇ. ನನಗೂ ಸಿಕ್ಕಿತು. ನಾನು ಬಿಡಲಿಲ್ಲ. ಹಿಂದಿನಿಂದ ಯಾರೋ ಬೆನ್ನು ಮುಟ್ಟಿ, “ಬಿಡ್ರಿ ಕಾಕಾ, ನಮಗೂ ಕೊಡ್ರಿ” ಎಂದರು. ಆಗ ಬಿಟ್ಟೆ.

ಕಿರೀಟ ಇನ್ನೂ ಜೋಳದ ಚೀಲದ ಮೇಲೆಯೇ ಇದೆ. ಬಾಡಿಗೆಯ ಸಾಮಾನು, ಒಪ್ಪಿಸಿಲ್ಲ. 

23 ಏಪ್ರಿಲ್

ಮಾರ್ಚ್ 23ರಂದು ನಾನು ಬರೆದದ್ದನ್ನು ಓದಿದೆ. ಬೀಗರು ಹಾರ ಹಾಕಿದ್ದು ಖರೆ. ಆದರೆ ಅವರು ಇಳಿದು ಹೋದ ಮೇಲೆ ನನಗೆ ಹೊತ್ತು ಇತ್ತು. ಹಾರಗಳ ಮೇಲಿನಿಂದ ಮುಂದಿನ ಸಾಲು ಕಾಣುತ್ತಿತ್ತು. ಅಲ್ಲಾಉದ್ದೀನ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತು, ಈಗ ಏಳುತ್ತಾನೆ, ಈಗ ಏಳುತ್ತಾನೆ ಎಂದು ನನ್ನನ್ನೇ ನೋಡುತ್ತಿದ್ದ. ಅದನ್ನು ನೋಡಿಯೇ ಖಡ್ಗ ಹಿರಿದೆ. ‘ನೋಡೇ ಹೋಗ್ತೀನಿ’ ಎಂದಿದ್ದನಲ್ಲ.

2 ಮೇ, ದೇವದುರ್ಗ

ನಿನ್ನೆ ಆಟವಾಯಿತು. ಬೀಗರಿಗೆಲ್ಲ ಮೊದಲೇ ಫೋನ್ ಮಾಡಿ, ಯಾರೂ ಸ್ಟೇಜ್ ಹತ್ತಬಾರದು, ಹತ್ತಿದರೆ ಬೀಗತನ ಮುಗಿಯಿತು ಎಂದಿದ್ದೆ. ಬಲಗಡೆಯ ಪರದೆಯ ಹತ್ತಿರ ಒಂದು ಕುರ್ಚಿ ಹಾಕಿಸಿದ್ದೆ. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಅಡುಗೆಯವನು ಹೋದ. ಗಂಟೆ ಬಾರಿಸಿದೆ. ಬಾವುಟದವರು ಬಂದರು. ಎದ್ದೆ.

ಟಪ್ ಎಂದಿತು. ಮೈಕಿನಲ್ಲಿ ಹಾಯ್ದು ಮೈದಾನವೆಲ್ಲ ಕೇಳಿಸಿತು. ಯಾರೂ ನಗಲಿಲ್ಲ. ನಾನು ಹಿಂದೆ ನೋಡಲಿಲ್ಲ.

ಕಿರೀಟ ತೆಗೆದೆ. ಕರೆಮ್ಮ ನಡುವೆ ಕೈಚಾಚಿ ನಿಂತಿದ್ದಳು. ಅವಳ ಕೈಗೆ ಕೊಡಬೇಕಿತ್ತು, ಗೊತ್ತಿತ್ತು. ಕಾಲುಗಳು ಬಲಗಡೆ ಹೋದವು. ಅವಳನ್ನು ದಾಟಿ, ಬಾವುಟಗಳನ್ನು ದಾಟಿ, ಪರದೆಯ ಹತ್ತಿರ ಹೋಗಿ ತಲೆ ಬಗ್ಗಿಸಿದೆ. ಎರಡೂ ಕೈಯಲ್ಲಿ ಕಿರೀಟ ಹಿಡಿದು ನಿಂತುಬಿಟ್ಟೆ. ಖಾಲಿ ಕುರ್ಚಿ. ಎಷ್ಟು ಹೊತ್ತು ನಿಂತಿದ್ದೆನೋ. ಮೈದಾನದಲ್ಲಿ ಒಂದು ಕೂಸು ಅಳುತ್ತಿದ್ದದ್ದು ಮಾತ್ರ ಕೇಳುತ್ತಿತ್ತು.

ಕರೆಮ್ಮ ಹಿಂದಿನಿಂದ ಬಂದಳು. ನಾಟಕದಲ್ಲಿಲ್ಲದ ಮಾತು, ಮೆಲ್ಲಗೆ, ಮನೆಯವರಿಗೆ ಹೇಳುವ ಹಾಗೆ, “ನನ್ನ ಕೈಯಾಗ ಕೊಡ್ರಿ ಯಪ್ಪಾ. ಜ್ವಾಕಿ ಮಾಡ್ತೀನಿ” ಎಂದಳು. ಕೊಟ್ಟೆ.

ನಡೆದು ಹೋದೆ. ಸ್ಟೇಜ್ ಇಳಿದ ಮೇಲೂ ನಿಲ್ಲಲಿಲ್ಲ, ಬಣ್ಣದ ಮುಖದಲ್ಲೇ ಬಸ್ ನಿಲ್ದಾಣದ ತನಕ ಹೋಗಿದ್ದೆನಂತೆ. ನಾಗವೇಣಿ ಹುಡುಕಿಕೊಂಡು ಬಂದಳು.

“ಅದನ್ನ ಹೆಂಗ ಮಾಡಿದ್ರಿ ಮಾಮಾ? ಮಂದಿ ಅತ್ರು.”

ನಾನು ಛಪ್ಪನ್ನಾರು ದೇಶದ ನಟ ಎಂದು ಹೇಳಲು ಬಾಯಿ ತೆರೆದೆ. ನೀರು ಕೇಳಿದೆ.

11 ಮೇ, ಕುರ್ಡಿ

ಮಾನ್ವಿಗೆ ಹೋಗಿದ್ದೆ. ಹುಮೇರಾ ಪರದೆ, ಡ್ರೆಸ್ಸು ಎಲ್ಲವನ್ನೂ ನಾಗವೇಣಿಯ ಸಂಘಕ್ಕೆ ಕೊಟ್ಟುಬಿಟ್ಟಿದ್ದಾಳೆ. ಬೇಕಾದ ಊರಿನವರು ಒಯ್ದು ಆಡಿ ತಂದಿಡಬೇಕು, ಬಾಡಿಗೆ ಇಲ್ಲ. ಪರದೆಗಳು ನಿಲ್ಲುತ್ತಿದ್ದ ಮೂಲೆಯಲ್ಲಿ ಇನ್ನೊಂದು ಹೊಲಿಗೆ ಯಂತ್ರ ಬಂದಿದೆ. ಅಂಗಡಿಯಲ್ಲಿ ನಾನು ಯಾವಾಗಲೂ ಕೂರುತ್ತಿದ್ದ ಸ್ಟೂಲು ಎಲ್ಲಿ ಎಂದು ಕೇಳಲಿಲ್ಲ. ಅವಳೇ ತಂದು ಕೊಟ್ಟಳು. ಬ್ಲೌಸಿನ ಅಳತೆ ಕೊಡಲು ಹೆಂಗಸರು ಬಂದರು, ಎದ್ದು ಬಂದೆ. ಸ್ಟೂಲು ಸಪ್ಪಳ ಮಾಡುವುದಿಲ್ಲ.

ಕಿರೀಟ ನಾಗವೇಣಿಯ ಅಂಗನವಾಡಿಯಲ್ಲಿದೆ. ಕೂಸುಗಳು ದಿನಕ್ಕೊಬ್ಬರಂತೆ ಹಾಕಿಕೊಳ್ಳುತ್ತವಂತೆ. ಒಳಗಿನ ಬನಿಯನ್ ಬಟ್ಟೆ ಒಗೆಯಬೇಡವೆಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಕೂಸುಗಳ ತಲೆ, ಒಗೆಯಲೇಬೇಕು.

ಯಮನಮ್ಮ ಇಂದು ನಾನು ಕೇಳದೆಯೇ ಚಹಾ ಕೊಟ್ಟು, ಪಕ್ಕದಲ್ಲಿ ಕುಳಿತು ತಾನೂ ಕುಡಿದಳು.

ಈ ಡೈರಿಯ ಮೊದಲ ಪುಟ ತಿರುವಿ ನೋಡಿದೆ. ಛಪ್ಪನ್ನಾರು ದೇಶ ಎಂದು ಬರೆದಿದ್ದೇನೆ. ಅದು ಸುಳ್ಳು. ನಾನು ಆಳಿದ್ದು ಒಂದನ್ನೇ. ಮಾನ್ವಿ ಬಸ್ ನಿಲ್ದಾಣದ ಹಿಂದೆ, ಉದ್ದ ಹತ್ತು ಅಡಿ, ಅಗಲ ಎಂಟು ಅಡಿ. ಪ್ರಜೆ ಒಬ್ಬ. ಕಳೆದುಕೊಂಡದ್ದು ಅಷ್ಟನ್ನೂ.